ದೇವಲಾಪುರದ ಶನಿವಾರಗಳು

"ಈ ಪುಸ್ತಕ ನಿಮಗೆಲ್ಲಿ ಸಿಕ್ತು?"

ಜಸಿಂತಳ ದನಿಗೆ ಚರ್ಚಿನ ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಶ್ರೀರಂಗಪಟ್ಟಣದಲ್ಲಿ ಭಾನುವಾರದ ಪೂಜೆ ಆಗಷ್ಟೇ ಮುಗಿದಿತ್ತು. ಎಂದಿನಂತೆ ಅವಳು ಜಗಲಿಯಲ್ಲಿ ಮೇಜು ಹಾಕಿಕೊಂಡು ಪ್ರಾರ್ಥನೆ ಪುಸ್ತಕ, ಸಂತರ ಚರಿತ್ರೆ, ಮಕ್ಕಳ ಕೀರ್ತನೆ ಪುಸ್ತಕಗಳನ್ನು ಮಾರುತ್ತಿದ್ದಳು. ಎತ್ತರದ ಯುವಕನೊಬ್ಬ ಬಂದು ಚೀಲದಿಂದ ಹಳೆಯ ಧ್ಯಾನದ ಪುಸ್ತಕವೊಂದನ್ನು ತೆಗೆದು, "ಇದು ದೊಡ್ಡಕ್ಷರದಲ್ಲಿ ಸಿಕ್ತದಾ? ನಮ್ಮವ್ವಂಗೆ ಕಣ್ಣು ಮಂಜಾಯ್ತಾ ಅದೆ" ಎಂದಿದ್ದ.

ಅವಳು ಪುಟ ತಿರುವಿದಳು. ಅಂಚಿನಲ್ಲಿ ಪೆನ್ಸಿಲಿನ ಬರಹ... 'ಜಸಿಂತಳ ಜ್ವರ ಇಳಿಯಿತು. ದೇವರಿಗೆ ಸ್ತೋತ್ರ.'

ಅಪ್ಪನ ಅಕ್ಷರ!

"ಇದು ನಮ್ಮಪ್ಪಂದು. ಗುಜರಿ ಅಂಗಡೀಲಿ ತಗೊಂಡ್ರಾ? ಇಲ್ಲಾ ಯಾರ ಮನೇಲಾದ್ರೂ ಎತ್ಕೊಂಡ್ರಾ?"

ಯುವಕನ ಮುಖ ಕೆಂಪೇರಿತು.

"ಕದಿಯೋ ಜನ ಅಲ್ಲ ಕಣ್ರೀ ನಾವು. ಉಪದೇಶಿಗಳು ಕೈಯಾರೆ ನಮಗೆ ಕೊಟ್ಟಿದ್ದಿದು." ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಟೇಬಿಟ್ಟ.

ಸುಳ್ಳು! ಅಪ್ಪ ಪ್ರಾಣ ಬೇಕಾದರೂ ಕೊಡುತ್ತಿದ್ದರು, ಆ ಪುಸ್ತಕ ಕೊಡುತ್ತಿರಲಿಲ್ಲ...

ಅವಳ ಅಪ್ಪ ಇನ್ನಾಸಪ್ಪ ಊರೂರು ತಿರುಗಿ ಕ್ರೈಸ್ತ ಮನೆಗಳಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದ ಉಪದೇಶಿ. ದಿನಾ ಸಂಜೆ ಏಳಕ್ಕೆ ಮನೆಯವರೆಲ್ಲ ಚಾಪೆಯ ಮೇಲೆ ಸೇರಬೇಕು. ಕರೆಂಟು ಹೋದರೆ ಮೇಣದ ಬತ್ತಿ. ಒಲೆಯ ಮೇಲೆ ಹುರುಳಿ ಸಾರು ಕುದಿಯುವ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ಯಾರೂ ಏಳುವಂತಿಲ್ಲ. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡು, ಒಂದೇ ಒಂದು ಪುಟ ನಿಧಾನವಾಗಿ ಓದಿ, ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಮನಸ್ಗೆ ಬಂತಾ, ಮಕ್ಳಾ?" "ಬಂತು ಕಣಪ್ಪ!" ಎಂದ ಮೇಲೇ ತಟ್ಟೆ ಹಾಕುವುದು.

ಒಂಬತ್ತು ವರ್ಷದ ಹಿಂದೆ ಅಪ್ಪ ಎದೆನೋವಿಗೆ ಹೋಗಿಬಿಟ್ಟರು. ಅದೇ ವಾರ ಅವ್ವ ಫಿಲೋಮಿನಮ್ಮ ಹಳೇ ಪೇಪರಿನ ರಾಶಿಯನ್ನು ಗುಜರಿಯವನಿಗೆ ಹಾಕಿದ್ದಳು. ಆಮೇಲೆ ಪುಸ್ತಕ ಎಲ್ಲೂ ಸಿಗಲಿಲ್ಲ.

"ಅಪ್ಪನ್ನೇ ತೂಕಕ್ಕೆ ಹಾಕ್ಬುಟ್ಟೆ ಕಣವ್ವ!" ಎಂದು ಹದಿನೆಂಟರ ಜಸಿಂತ ಕಿರುಚಿದ್ದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಸಂಜೆ ಚಾಪೆ ಹಾಸಲಿಲ್ಲ.

ಫಾದರ್ ಅವರನ್ನು ಕೇಳಿದಾಗ ಅವನು ದೇವಲಾಪುರದ ಬಡಗಿ ಬಾಲರಾಜ, ಚರ್ಚಿನ ಬೆಂಚು ರಿಪೇರಿಗೆ ಬಂದವನು ಎಂದು ತಿಳಿಯಿತು. ಮುಂದಿನ ಶನಿವಾರ ಜಸಿಂತ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ದೇವಲಾಪುರದಲ್ಲಿ ಇಳಿದಳು.

ಪುಸ್ತಕ ತಗೊಂಡೇ ಬರಬೇಕು!

ಆದರೆ ಆ ಪುಟ್ಟ ಹೆಂಚಿನ ಮನೆಯ ಬಾಗಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಒಳಗೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಒಂದು ಪುಟ... ಅದೇ ನಿಧಾನ, ಅದೇ ಏರಿಳಿತ. ಕೊನೆಗೆ, "ಮನಸ್ಗೆ ಬಂತಾ ಅವ್ವ?"

ಜಸಿಂತ ಹೊಸ್ತಿಲ ಮೇಲೆ ಕುಸಿದು ಬಿಕ್ಕಿದಳು.

ಬಾಲರಾಜನ ತಾಯಿ ಚೌರಮ್ಮ ಅವಳ ಮುಖ ತಡವಿ ಪಕ್ಕದಲ್ಲಿ ಕೂರಿಸಿಕೊಂಡಳು. "ಉಪದೇಶಿಗಳ ಮಗಳಾ? ನಮ್ಮೆಜಮಾನ್ರು ತೀರ್ಕಂಡ ವರ್ಸ ನಾನು ದೇವ್ರನ್ನೇ ಬುಟ್ಬುಟ್ಟಿದ್ದೆ ಕಣವ್ವ. ಇವನು ಮಾತೇ ಆಡ್ತಿರ್ನಿಲ್ಲ. ನಿಮ್ಮಪ್ಪಾರು ಬಂದು, ಹೆಂಗೆ ಓದ್ಬೇಕು ಅಂತ ಒಂದು ಪುಟ ಓದಿ ತೋರ್ಸಿ, ಈ ಪುಸ್ತಕ ಇವನ ಕೈಗಿಟ್ರು. 'ನಮ್ಮನೇಲಿ ಎಲ್ರಿಗೂ ಬಾಯಿಪಾಠ ಆಗ್ಬುಟ್ಟದೆ. ಈಗ ಇದು ಬೇಕಾಗಿರೋದು ನಿಮ್ಗೆ. ದಿನಕ್ಕೊಂದು ಪುಟ ಅವ್ವಂಗೆ ಓದ್ಲಾ' ಅಂದ್ರು. ಮತ್ತೆ ಬರ್ನೇ ಇಲ್ಲ. ಮಾರ್ನೇ ದಿನಾನೇ ಅವರು ತೀರ್ಕಂಡ್ರು ಅಂತ ಗೊತ್ತಾಗಿದ್ದೇ ತಿಂಗಳಾದ್ಮೇಲೆ."

ಆಮೇಲೆ ಪುಸ್ತಕವನ್ನು ಅವಳತ್ತ ಚಾಚಿದಳು. "ತಗೊಂಡೋಗು ಮಗಾ."

"ಬೇಡಮ್ಮ... ಅಪ್ಪ ಕೊಟ್ಟಿದ್ದನ್ನ ನಾನ್ಯಾಕೆ ಕಿತ್ಕೊಳ್ಳಲಿ?"

ಆ ಸಂಜೆ ಜಸಿಂತ ಅವ್ವನ ಪಾದ ಹಿಡಿದು ಎಲ್ಲ ಹೇಳಿದಳು.

"ಒಂಬತ್ತು ವರ್ಷ ನಿನ್ನ ಅಂದೆನಲ್ಲವ್ವ..."

"ನಾನೇ ಹಾಕ್ಬುಟ್ನೇನೋ ಅಂತ ನಂಗೂ ಅನುಮಾನ ಇತ್ತು ಕಣೇ," ಫಿಲೋಮಿನಮ್ಮ ಕಣ್ಣೊರೆಸಿಕೊಂಡಳು. ಹಾಗೆಯೇ ಎದ್ದುಹೋಗಿ ಚಾಪೆ ತಂದು ಹಾಸಿದಳು.

ಅಲ್ಲಿಂದ ಪ್ರತಿ ಶನಿವಾರ ದೇವಲಾಪುರದ ಬಸ್ಸು. ಓದು, ಚೌರಮ್ಮನ ಕಾಫಿ, ಬಸ್ ಸ್ಟಾಪಿನವರೆಗೆ ಬಾಲರಾಜನ ಜೊತೆ ನಡಿಗೆ. ಮೊದಲು ಬರೀ ಅಪ್ಪನ ಮಾತು. ಬರಬರುತ್ತಾ ಅವನ ಮರಗೆಲಸ, ಅವಳ ಜಗಳಗಂಟಿತನ, ಇಬ್ಬರ ನಗು...

ಐದನೇ ತಿಂಗಳಲ್ಲಿ ಒಂದು ದಿನ ಬಾಲರಾಜ ದಾರಿಯಲ್ಲೇ ನಿಂತ.

"ಇನ್ಮೇಲೆ ಬರ್ಬೇಡಿ ಜಸಿಂತ."

"ಯಾಕೆ?!"

"ನೀವು ಬರೋದು ನಿಮ್ಮಪ್ಪನ ದನಿ ಕೇಳಕ್ಕೆ. ನಾನೋ... ಶನಿವಾರ ಬರ್ಲಿ ಅಂತ ಭಾನುವಾರದಿಂದ್ಲೇ ಕಾಯ್ತೀನಿ. ಇದು ಸರಿಯಿಲ್ಲ. ನನ್ನಲ್ಲಿ ಅವರನ್ನ ಹುಡುಕ್ಬೇಡಿ, ಸಿಗಲ್ಲ."

ನಿಜವೇ ಇರಬಹುದಾ? ಬಸ್ಸು ಬಂತು, ಹತ್ತಿಬಿಟ್ಟಳು.

ಮೂರು ಶನಿವಾರ ಕಳೆದವು. ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ ನಡೆಯುತ್ತಿತ್ತು, ಬಾಯಿಪಾಠವಾಗಿದ್ದ ಪುಟಗಳನ್ನು ಅವಳೇ ಹೇಳುತ್ತಿದ್ದಳು. ಅಪ್ಪ ಅಲ್ಲೇ ಕೂತಂತೆ ಅನ್ನಿಸುತ್ತಿತ್ತು. ಅಪ್ಪನ ಕೊರಗು ಹಗುರವಾಗಿತ್ತು.

ಹಾಗಾದರೆ ಈ ಸಂಕಟ ಯಾರಿಗಾಗಿ?

ತಲೆಗೂದಲಲ್ಲಿ ಮರದ ಹೊಟ್ಟು ಸಿಕ್ಕಿಸಿಕೊಂಡೇ ತಿರುಗುವವನಿಗಾಗಿ... ತನಗೆಂದು ಕಿಟಕಿ ಪಕ್ಕದ ಸೀಟು ಹಿಡಿಯಲು ಬಸ್ಸಿನ ಹಿಂದೆ ಓಡುವವನಿಗಾಗಿ...

ಸೋಮವಾರ ಬೆಳಿಗ್ಗೆ ಬಾಲರಾಜ ತನ್ನ ಮರಗೆಲಸದ ಕೊಟ್ಟಿಗೆಯಲ್ಲಿ ಬಾಗಿಲೊಂದಕ್ಕೆ ಹತ್ತರಿ ಹೊಡೆದು ನಯ ಮಾಡುತ್ತಿದ್ದ. ನೆರಳು ಬಿದ್ದಿತೆಂದು ತಲೆಯೆತ್ತಿದ.

"ಇವತ್ತು ಶನಿವಾರ ಅಲ್ವಲ್ಲ..."

"ಅದಕ್ಕೇ ಬಂದೆ," ಎಂದಳು ಜಸಿಂತ ಏದುಸಿರು ಬಿಡುತ್ತಾ. "ಓದು ಕೇಳಕ್ಕೆ ಬಂದಿಲ್ಲ. ನಮ್ಮಪ್ಪ ನಂಗೆ ನಮ್ಮನೇಲೇ ಸಿಕ್ಕವ್ರೆ. ನೀವು ಅಲ್ಲಿ ಸಿಗ್ನಿಲ್ಲ."

ಅವನ ಕೈಯ ಹತ್ತರಿ ನಿಂತಿತು. ಕಣ್ಣು ತುಂಬಿ ಬಂದಿದ್ದನ್ನು ಮುಚ್ಚಿಕೊಳ್ಳಲು ಗೊತ್ತಾಗಲಿಲ್ಲ.

"ನಿಮ್ಮವ್ವ ಏನಂತಾರೋ..."

"ನನ್ನ ಬಸ್ಸು ಹತ್ತಿಸಿದ್ದೇ ಅವ್ವ. ಅವನ ಬಾಯಲ್ಲಿ ಊಂ ಅನ್ನಿಸ್ಕೊಂಡೇ ಬಾ ಅಂದವ್ಳೆ."

"ನಾನಿನ್ನೂ ಊಂ ಅಂದೇ ಇಲ್ವಲ್ಲ!"

"ಅಂಗಾದ್ರೆ ಅನ್ನಿ."

ಬಾಲರಾಜ ಅವಳನ್ನೇ ನೋಡಿದ. ನಕ್ಕ.

"ಊಂ..."