ಹಗೇವಿನಲ್ಲಿ ಕೊನೆಯ ಶಾಟ್

“ಅಲಗೆ ಮಾತ್ರ ಒಡೀಬ್ಯಾಡಿ ಸಾಮಿ,” ಎಂದರು ರತ್ನಕ್ಕ.

ಸಿದ್ದು ಕೈಯಲ್ಲಿದ್ದ ಹಲಗೆಯನ್ನು ಹೊರಳಿಸಿ ನೋಡಿದ. ಸಿನಿಮಾದವರು ಪ್ರತಿ ಶಾಟಿಗೂ ಮುಂಚೆ ಟಪ್ಪೆಂದು ಹೊಡೆಯುವ ಕ್ಲಾಪ್ ಬೋರ್ಡು. ಕೀಲಿಗೆ ತುಕ್ಕು ಹಿಡಿದಿತ್ತು. ಬಿಳಿ ಅಕ್ಷರ ಇನ್ನೂ ಓದಲು ಬರುತ್ತಿತ್ತು: ‘ಹಗೇವಿನ ಹೆಣ್ಣು’, ದೃಶ್ಯ 61, 1986.

“ಒಡೆಯಲ್ಲ ಅಕ್ಕ. ನಲವತ್ತು ವರ್ಷದ ಮಾಲು. ಮಗು ಥರ ನೋಡ್ಕೋತೀನಿ.”

“ಅದಲ್ಲ ನಾನೇಳಿದ್ದು. ಅಲಗೆ ಒಡೆದೋರು ಮ್ಯಾಲೇ ಇರಬೇಕು. ಕುಂಬಳಕಾಯಿನೂ ಅವರೇ ಒಡೀಬೇಕು. ಇಲ್ಲಾಂದ್ರೆ ಒಳಗಿದ್ದೋರು ಒಳಗೇಯ.”

ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ನಂದಿತಾ ನಕ್ಕಳು. ಸಿದ್ದುವಿನ ಹೆಂಡತಿ, ಏಳು ತಿಂಗಳ ಬಸುರಿ. “ಒಡೆದೋರೇ ಮತ್ತೆ ಒಡೀಬೇಕಾ? ನಿನ್ನ ಸಿನಿಮಾ ಡೈಲಾಗ್‌ಗಿಂತ ಇದೇ ಚೆನ್ನಾಗಿದೆ ಕಣೋ.”

ಸಿದ್ದುವಿನ ಯೂಟ್ಯೂಬ್ ಚಾನೆಲ್‌ನ ಸರಕೇ ಅಂಥ ಸಿನಿಮಾಗಳು. ಎಂಬತ್ತರ ದಶಕದ ಅಗ್ಗದ ದೆವ್ವದ ಚಿತ್ರಗಳು. ರಬ್ಬರ್ ಬಾವಲಿ, ಅದನ್ನು ಎಳೆಯುವ ನೈಲಾನ್ ದಾರ, ಬಲ್ಬಿಗೆ ಕೆಂಪು ಕಾಗದ ಸುತ್ತಿ ಮಾಡಿದ ನರಕ, ಕೈಗಡಿಯಾರ ಬಿಚ್ಚಲು ಮರೆತ ಪಿಶಾಚಿ. ಹದಿನೈದು ದಿನ ಶೂಟಿಂಗ್, ಟೆಂಟಿನಲ್ಲಿ ಒಂದು ವಾರ, ಅಲ್ಲಿಗೆ ಮುಗಿಯಿತು. ಅವನು ಗೇಲಿ ಮಾಡುತ್ತಿದ್ದ, ನಿಜ. ಆದರೆ ಕೈಯಲ್ಲೇನೂ ಇಲ್ಲದೆ ಹೆದರಿಸಲು ಹೊರಟ ಆ ಕಾಲದವರ ಭಂಡಧೈರ್ಯದ ಮೇಲೆ ಅವನಿಗೆ ಪ್ರೀತಿಯೂ ಇತ್ತು.

‘ಹಗೇವಿನ ಹೆಣ್ಣು’ ತೆರೆ ಕಾಣಲೇ ಇಲ್ಲ. ಅದನ್ನು ತೆಗೆದದ್ದು ಕೊಡಿಗೇಹಳ್ಳಿಯ ಇದೇ ಹೆಂಚಿನ ಮನೆಯಲ್ಲಿ. ಈಗ ಸುತ್ತ ನಾಲ್ಕಂತಸ್ತಿನ ಪಿಜಿಗಳು. ನಡುವೆ ಹಿತ್ತಲು, ಹಿತ್ತಲಲ್ಲಿ ಹಗೇವು. ರಾಗಿ ತುಂಬಿಡಲು ನೆಲದೊಳಗೆ ಹೂಜಿಯ ಹಾಗೆ ತೋಡಿದ ಗುಂಡಿ: ಬಾಯಿ ಕಿರಿದು, ಹೊಟ್ಟೆ ಅಗಲ.

ರತ್ನಕ್ಕ ಆಗ ಈ ಮನೆಯ ಹೊಸ ಸೊಸೆ. ಅವರು ಹೇಳಿದ್ದಿಷ್ಟು. ನಿರ್ದೇಶಕ ನಿಜವಾದ ಮಾಂತ್ರಿಕನನ್ನೇ ಕರೆಸಿದ್ದ. ಅವನು ಹಗೇವಿಗೆ ನಿಜವಾದ ದಿಗ್ಬಂಧನ ಹಾಕಿದ. ಶೂಟಿಂಗ್ ಮುಗಿದಾಗ ಕುಂಬಳಕಾಯಿ ಒಡೆಯುವುದು ಗಾಂಧಿನಗರದ ಸಿನಿಮಾದವರ ಪದ್ಧತಿ. ದಿಗ್ಬಂಧನದ ಕಟ್ಟು ಬಿಚ್ಚುವುದೂ ಅದರಿಂದಲೇ ಎಂದ ಮಾಂತ್ರಿಕ. ನಾಯಕಿಯ ಪಾತ್ರದ ಹುಡುಗಿಯನ್ನು ಕೊನೆಯ ಶಾಟಿಗೆ ಒಳಗಿಳಿಸಿದರು. ನಿರ್ದೇಶಕ ತಾನೇ ಹಲಗೆ ಹೊಡೆದ. ಶಾಟು ನಡೆಯುತ್ತಿರುವಾಗಲೇ, ಕುಂಬಳಕಾಯಿ ತಂದಿಲ್ಲವೆಂದು ನೆನಪಾಗಿ ಸ್ಕೂಟರ್ ಹತ್ತಿದ. ಹೆಬ್ಬಾಳದ ಹತ್ತಿರ ಲಾರಿಗೆ ಸಿಕ್ಕಿ ಸತ್ತ. ಏಣಿ ಇಳಿದು ನೋಡಿದವರಿಗೆ ಹುಡುಗಿ ಸಿಗಲಿಲ್ಲ.

ಸಿದ್ದು ಆ ವರ್ಷದ ಪತ್ರಿಕೆಗಳನ್ನು ಜಾಲಾಡಿದ್ದ. ಅಪಘಾತದ ಬಗ್ಗೆ ನಾಲ್ಕು ಸಾಲಿತ್ತು. ಹುಡುಗಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಯಾರ ಜೊತೆಗೋ ಓಡಿಹೋಗಿರಬೇಕು ಎಂದುಕೊಂಡಿದ್ದ.

“ನಮ್ಮ ಮೈದ ಚಿಕ್ಕನುಮಯ್ಯನ್ನ ಕರ್ಕೊಂಬತ್ತೀನಿ. ಅವನು ಮ್ಯಾಲೆ ನಿಂತ್ಕೋತಾನೆ. ಅಲ್ಲೀಗಂಟ ಸುಮ್ಕಿರಿ.” ರತ್ನಕ್ಕ ಕುಂಕುಮ ಹಚ್ಚಿದ ಬೂದುಗುಂಬಳವನ್ನು ಜಗಲಿಯ ಮೇಲಿಟ್ಟರು. ಗೇಟಿನ ಹತ್ತಿರ ಹೋದವರು ತಿರುಗಿ ನಿಂತರು. “ಈಯಮ್ಮನ ಕೈಲಿ ಮಾತ್ರ ಏನೂ ಒಡೆಸ್ಬ್ಯಾಡಿ. ಬಸುರಿ.”

ಗಂಟೆ ಮೂರೂಕಾಲು. ನಾಲ್ಕೂವರೆಗೆ ಆರ್.ಟಿ. ನಗರದಲ್ಲಿ ನಂದಿತಾಳ ಸ್ಕ್ಯಾನಿಂಗ್ ಇತ್ತು.

ಸಿದ್ದು ಕಾಯಲಿಲ್ಲ. ಅವನ ಚಾನೆಲ್‌ಗೆ ನಿರ್ದೇಶಕ, ಛಾಯಾಗ್ರಾಹಕ, ನಾಯಕ ಎಲ್ಲವೂ ಅವನೇ. ಹಗೇವಿನ ಬಾಯಿಗೆ ಮೊಬೈಲ್ ನಿಲ್ಲಿಸಿದ. “ಸ್ಟಾರ್ಟ್, ಕ್ಯಾಮೆರಾ, ಆ್ಯಕ್ಷನ್.” ಹಲಗೆ ಹೊಡೆದ. ಟಪ್. ಅದನ್ನು ಅಲ್ಲೇ, ನೋಡಲು ಬಂದು ನಿಂತಿದ್ದ ನಂದಿತಾಳ ಕಾಲಬಳಿ ಇಟ್ಟು ಏಣಿ ಇಳಿದ.

ಒಳಗೆ ಮುಗ್ಗಿದ ರಾಗಿಯ ವಾಸನೆ. ಒಣಗಿದ ಸಗಣಿ, ಹಳೇ ಹೊಗೆ. ಅದರಡಿಯಲ್ಲಿ ಬೇರೊಂದು: ಬಾಡಿದ ಮಲ್ಲಿಗೆ, ಬೆವರು, ಮೇಕಪ್ಪಿನ ಪೌಡರ್. ಸಿದ್ದು ಒಮ್ಮೆ ಸುತ್ತ ತಿರುಗಿ ನೋಡಿ, ಏಣಿಗೆ ಕೈ ಚಾಚಿದ.

ಗೋಡೆ ಸಿಕ್ಕಿತು.

ಪಕ್ಕಕ್ಕೆ ಸರಿದ. ಗೋಡೆ. ಇನ್ನೊಂದು ಸುತ್ತು ಬಂದ. ಬರೀ ಗೋಡೆ. ಮೇಲೆ ತಟ್ಟೆಯಗಲದ ಬೆಳಕು.

“ನಂದೂ, ಏಣಿ ಯಾಕೆ ತೆಗೆದೆ?”

“ತಮಾಷೆ ಸಾಕು. ಏಣಿ ಇಲ್ಲೇ ಇದೆ.” ಅವಳ ಮೊಬೈಲಿನ ಬೆಳಕು ಒಳಗೆ ಇಳಿಯಿತು. ನೇರವಾಗಿ ಅವನ ಮುಖದ ಮೇಲೆ ಬಿತ್ತು. ಅವಳು ಇನ್ನಷ್ಟು ಬಗ್ಗಿದಳು. “ಸಿದ್ದು, ಎಲ್ಲಿದ್ದೀಯ? ಕಾಣಿಸ್ತಿಲ್ಲ.”

“ಇಲ್ಲೇ. ನಿನ್ನ ಬೆಳಕಲ್ಲೇ ಇದೀನಿ.”

“ಇಲ್ಲಿ ಯಾರೂ ಇಲ್ಲ ಕಣೋ.”

ಬೆಳಕಿನ ತಟ್ಟೆ ಚಿಕ್ಕದಾಯಿತು. ಲೋಟದಷ್ಟಾಯಿತು. ಗಾಳಿ ಬಿಸಿಯಾಯಿತು. ಬೆನ್ನ ಹಿಂದೆ ಗಾಜಿನ ಬಳೆ ಸದ್ದಾಯಿತು. ಕಿಣಿ. ಅವನು ಉಸಿರು ಹಿಡಿದ. ಕಿಣಿ ಕಿಣಿ. ಈಗ ಕಿವಿಯ ಪಕ್ಕ.

ಆಗ ಅರ್ಥವಾಯಿತು. ರತ್ನಕ್ಕನ ಬಾಯಲ್ಲಿ ಹಕಾರವಿಲ್ಲ. ಹಲಗೆ ಅಲಗೆಯಾದ ಹಾಗೆ ‘ಹೊಡಿ’ ‘ಒಡಿ’ಯಾಗಿತ್ತು. ಒಡೆಯಬೇಡ ಎಂದಿರಲಿಲ್ಲ ಅವರು. ಹೊಡೆಯಬೇಡ ಎಂದಿದ್ದರು. ಹೊಡೆದವನು ಮೇಲಿರಬೇಕಿತ್ತು. ಹೊಡೆದವನೇ ಒಳಗಿದ್ದ.

ತಣ್ಣನೆಯ ಬೆರಳೊಂದು ಅವನ ಕತ್ತಿನ ಮೇಲೆ ಕೂತಿತು.

ಗೇಟಿನ ಬಳಿ ರತ್ನಕ್ಕ ಹೇಳಿದ ಕೊನೆಯ ಮಾತೂ ಅವನಿಗೆ ನೆನಪಿತ್ತು. ಸ್ಪಷ್ಟವಾಗಿ ನೆನಪಿತ್ತು.

“ನಂದೂ, ಹಲಗೆ ಹೊಡಿ. ಕುಂಬಳಕಾಯಿ ರಸ್ತೆಗೆ ತಗೊಂಡ್ಹೋಗಿ ಒಡಿ. ಬೇಗ.”

“ನಾನು ಮುಟ್ಟಬಾರದು ಅಂದ್ರಲ್ಲ ಅವರು. ಇನ್ನೈದು ನಿಮಿಷ, ಬಂದ್ಬಿಡ್ತಾರೆ...”

“ಹೊಡಿ ಅಂದೆ.”

ಟಪ್.

ಅವಸರದ ಹೆಜ್ಜೆ. ಗೇಟು ಕಿರುಗುಟ್ಟಿತು. ನಂತರ ದೂರದಲ್ಲಿ ಧಪ್ಪೆಂಬ ಒದ್ದೆ ಸದ್ದು. ಕತ್ತಿನ ಮೇಲಿನ ಬೆರಳು ಸರಿಯಿತು. ಬಳೆಯ ಸದ್ದು ಅವನನ್ನು ದಾಟಿ ಮೇಲೆ ಹೋಯಿತು. ಎದೆಗೆ ಏಣಿ ತಗುಲಿತು. ಹತ್ತಿದ. ಉಗುರು ಕಿತ್ತುಬಂತು. ಹತ್ತಿದ.

ರಸ್ತೆಯಲ್ಲಿ ಕುಂಬಳದ ಹೋಳುಗಳು ಚೆಲ್ಲಾಡಿದ್ದವು. ಚಿಕ್ಕಹನುಮಯ್ಯನ ಜೊತೆ ಬಂದ ರತ್ನಕ್ಕ ಅದನ್ನು ನೋಡಿದರು. ನಂದಿತಾಳ ಕೈಗೆ ಮೆತ್ತಿದ್ದ ಕುಂಕುಮವನ್ನೂ ನೋಡಿದರು.

“ಈಯಮ್ಮ ಅಲಗೆ ಒಡೆದಾಗ ಕತ್ತಲೊಳಗೆ ಎಷ್ಟು ಜನ ಇದ್ರಿ?”

“ನಾನೊಬ್ಬನೇ,” ಎಂದ ಸಿದ್ದು.

ರತ್ನಕ್ಕನ ಕಣ್ಣು ನಂದಿತಾಳ ಹೊಟ್ಟೆಯ ಮೇಲೆ ನಿಂತಿತು. “ಒಂದು ಕಾಯಿಗೆ ಒಬ್ಬರೇ ಸಾಮಿ ಈಚೆಗೆ ಬರೋದು,” ಎಂದರು ಮೆಲ್ಲಗೆ.

ಸ್ಕ್ಯಾನಿಂಗ್ ಕೋಣೆಗೆ ಹೋಗುವಾಗ ಹತ್ತು ನಿಮಿಷ ತಡವಾಗಿತ್ತು. ಕತ್ತಲ ಕೋಣೆ, ಬೂದು ಬಣ್ಣದ ಪರದೆ. ಡಾಕ್ಟರಮ್ಮ ಅಳತೆಗಳನ್ನು ಓದಿದರು. ತೂಕ ಸರಿ. ಬೆಳವಣಿಗೆ ಸರಿ. ಸಿದ್ದು ಉಸಿರು ಬಿಟ್ಟ. ಅವರು ಗುಂಡಿಯೊಂದನ್ನು ಒತ್ತಿದರು. ಮಗುವಿನ ಎದೆಬಡಿತ ಕೋಣೆ ತುಂಬಿತು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

“ಬಳೆ ತೆಗೆದಿಡಿ ಅಮ್ಮ. ಅದರ ಸದ್ದೂ ಸೇರ್ತಿದೆ.”

ನಂದಿತಾ ಎರಡೂ ಕೈಗಳನ್ನು ಹೊದಿಕೆಯಿಂದ ಹೊರತೆಗೆದಳು. ಎರಡೂ ಬರಿದಾಗಿದ್ದವು.