ನುಣುಪಾದ ಬಂಡೆ

"ಇದಲ್ಲ! ಇದು ಆ ಬಂಡೆಯೇ ಅಲ್ಲ!"

ಬೆಳಿಗ್ಗೆ ಎಂಟೂವರೆ. ಕೂಗು ಕೇಳಿ ಜರಡಿ ಅಕ್ಕ ಕೈಚೀಲವನ್ನೂ ಇಳಿಸದೆ ಚಿತ್ರಗಳ ಕೋಣೆಗೆ ಬಂದಳು. ಮಂಗಳ ಗ್ರಹದಿಂದ ರೋವರ್ ಗಾಡಿ ಕಳಿಸುವ ಪ್ರತಿ ಚಿತ್ರವನ್ನೂ ಸೋಸಿ, ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳುವುದು ಅವಳ ಕೆಲಸ. ಆ ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ.

ದೊಡ್ಡ ಪರದೆಯ ಮುಂದೆ ಶಿಲಾತಜ್ಞೆ ನಿಂತಿದ್ದಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿ. ಪರದೆಯ ಮೇಲೊಂದು ಬಂಡೆ. ಬೋಳುತಲೆಯಷ್ಟು ನುಣುಪು.

"ನಿನ್ನೆ ಸಂಜೆ ಇದೇ ನಂಬರಿನ ಚಿತ್ರ ನೋಡಿದೀನಿ ಮೇಡಂ. ಪದರ ಪದರವಾಗಿತ್ತು. ಅಲೆ ಅಲೆಯಾಗಿ, ಮಡಿಸಿಟ್ಟ ಬಟ್ಟೆ ಥರ. ನಮ್ಮ ಭೂಮೀಲಿ ಅಂಥ ಪದರ ಕಟ್ಟೋದು ನೀರಲ್ಲಿ ಬದುಕಿದ ಸೂಕ್ಷ್ಮಜೀವಿಗಳು. ಅಂದ್ರೆ ಅಲ್ಲೂ ಒಂದು ಕಾಲದಲ್ಲಿ—"

ಹಿಂದಿನಿಂದ ಮುಖ್ಯಸ್ಥರ ದನಿ ಬಂತು.

"ಸಾಕ್ಷಿ?"

"ಚಿತ್ರವೇ ಸಾಕ್ಷಿ, ಸರ್. ಅದನ್ನ ಯಾರೋ ಬದಲಾಯಿಸಿದಾರೆ."

"ಅಥವಾ ನೀವು ಕನಸು ಕಂಡಿದೀರಿ." ಮುಖ್ಯಸ್ಥರು ಜರಡಿ ಅಕ್ಕನತ್ತ ತಿರುಗಿದರು. "ಮೂರು ಗಂಟೆಗೆ ಗಾಡಿಗೆ ಹೊರಡೋ ಅಪ್ಪಣೆ ಹೋಗುತ್ತೆ. ಅದು ಹೊಸ ಚಿತ್ರ ತೆಗೆದ ಕೂಡಲೇ ಹಳೇವು ಅದರ ನೆನಪಿಂದ ಅಳಿದುಹೋಗ್ತವೆ. ಮತ್ತೆ ಕಳಿಸು ಅಂತ ಕೇಳಿದ್ರೆ ಇಡೀ ದಿನದ ಕೆಲಸ ನಿಲ್ಲುತ್ತೆ. ನನಗೆ ಕಾರಣ ಬೇಕು. ಹುಡುಕಿ ಕೊಡಿ."

ಕೈಲಿದ್ದದ್ದು ಆರೂವರೆ ಗಂಟೆಯ ಸಮಯ. ಹಿಂದಿನ ಸಂಜೆ ಕಟ್ಟಡದಲ್ಲಿ ಉಳಿದಿದ್ದವರು ಮೂವರೇ.

ಮೊದಲು ಕ್ಯಾಮೆರಾದವನು. ಕಚ್ಚಾ ಚಿತ್ರಗಳನ್ನು ಶುಚಿಮಾಡಿ ಎಲ್ಲರಿಗೂ ಹಂಚುವವನು. ಮಾತು ಕಡಿಮೆ, ಮುನಿಸು ಜಾಸ್ತಿ.

"ಟೀ ಕುಡಿಯೋಕೆ ಹೋಗಿದ್ದೆ. ಬಂದಾಗ ಆ ಶಿಲಾತಜ್ಞೆ ನನ್ನ ಕುರ್ಚಿಲಿ ಕೂತಿದ್ಳು. ನನ್ನ ಕುರ್ಚಿಲಿ ಅವಳಿಗೇನು ಕೆಲಸ?"

"ಚಿತ್ರ ನೀನು ನೋಡ್ಲಿಲ್ವಾ?" ಜರಡಿ ಅಕ್ಕ ಕೇಳಿದಳು.

"ಇಲ್ಲ. ಬಸ್ಸು ತಪ್ಪುತ್ತೆ ಅಂತ ಪರದೆ ಆರಿಸಿ ಹೊರಟೆ."

"ಅವಳ ಮೇಲೆ ಸಿಟ್ಟಾ?"

"ಹೋದ ತಿಂಗಳು ಸಭೇಲಿ ನನ್ನ ತಪ್ಪು ಎತ್ತಿ ಆಡಿದ್ಳು. ಸಿಟ್ಟು ಇರಬಾರದಾ?"

ಇರಬಹುದು. ಆದರೆ ಎಷ್ಟು?

ಶಿಲಾತಜ್ಞೆಯನ್ನೂ ಅವಳು ಬಿಡಲಿಲ್ಲ. "ಅವನ ಕುರ್ಚಿಲಿ ಯಾಕೆ ಕೂತೆ?"

"ಪರದೆ ಮೇಲೆ ಪದರ ಕಂಡಿತು. ಕಾಲು ತಾನಾಗೇ ಹೋಯ್ತು, ಮೇಡಂ. ನಮಗೆ ಸಿಗೋದು ಶುಚಿ ಮಾಡಿದ ಚಿತ್ರ ಮಾತ್ರ. ಕಚ್ಚಾ ಕಡತದ ಬೀಗದ ಕೈ ನನ್ನ ಹತ್ರ ಇಲ್ಲ."

"ಆಮೇಲೆ?"

"ಓಡಿಹೋಗಿ ಸಾರಥಿಗೆ ಹೇಳಿದೆ. ನಾಳೆ ಗಾಡಿ ನಿಲ್ಸಿ, ಆ ಇಳಿಜಾರು ಹತ್ತಿ ಬಂಡೆ ಕೊರೀಬೇಕು ಅಂತ."

ಜರಡಿ ಅಕ್ಕನ ಕೈಲಿದ್ದ ಪೆನ್ನು ನಿಂತಿತು. ಎಲ್ಲರೂ ಸಾರಥಿ ಎಂದು ಕರೆಯುವ ಆ ರೋವರ್ ಚಾಲಕ ಅವಳ ಮೈದುನ. ಅವಳ ಮನೆಯ ಮಹಡಿಯಲ್ಲೇ ಇರುವವನು.

ಅವನ ಕೋಣೆಯ ಗೋಡೆಯ ಮೇಲೆ ಆರು ಚಕ್ರಗಳ ಚಿತ್ರ. ಒಂದರ ತಗಡು ಹರಿದಿತ್ತು.

"ಅತ್ತಿಗೆ, ನನ್ನನ್ನೂ ವಿಚಾರಿಸ್ತೀರಾ?"

"ಎಲ್ಲರನ್ನೂ. ಚಿತ್ರ ನೋಡಿದ್ಯಾ?"

"ನನಗೆ ಕಲ್ಲು ಅಂದ್ರೆ ಚಕ್ರಕ್ಕೆ ಅಡ್ಡ ಬರೋದು, ಅಷ್ಟೇ." ಅವನು ನಕ್ಕ. ಅವಳು ನಗಲಿಲ್ಲ. ಬೆಳಿಗ್ಗೆ ತಿಂಡಿ ಬೇಡವೆಂದು ಹೊರಟಿದ್ದನಲ್ಲ? ಹೊಟ್ಟೆ ಸರಿಯಿಲ್ಲ ಎಂದಿದ್ದ. ಮನೆಯವರನ್ನೇ ಹೀಗೆ ತೂಗಿ ನೋಡಬೇಕಾಯಿತಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

ಬಾಗಿಲು ಹಾಕಿಕೊಂಡು ಆ ಕಚ್ಚಾ ಚಿತ್ರವನ್ನು ಬೆರಳಗಲದಷ್ಟಷ್ಟೇ ಜಾಗ ನೋಡುತ್ತ ಹೋದಳು. ಬಂಡೆಯಲ್ಲಿ ಏನೂ ಇಲ್ಲ. ನೆರಳಲ್ಲಿ ಏನೂ ಇಲ್ಲ. ಕೆಳಗಿನ ಎಡಮೂಲೆಯಲ್ಲಿ ಮಾತ್ರ ಮಸುಕಾದೊಂದು ಚುಕ್ಕೆ. ಹಿಂದಿನ ದಿನದ ಚಿತ್ರ ತೆರೆದಳು. ಅದರ ಹಿಂದಿನದು. ಒಂದಾದ ಮೇಲೊಂದು, ನಲವತ್ತು.

ಗಡಿಯಾರ ಎರಡು ಗಂಟೆ ತೋರಿಸುವಾಗ ಎಲ್ಲರನ್ನೂ ಕರೆದಳು.

"ಈ ಚುಕ್ಕೆ ಬಂಡೆ ಮೇಲಿಲ್ಲ. ಕ್ಯಾಮೆರಾದ ಗಾಜಿನ ಮೇಲಿರೋ ಧೂಳು. ಹೋದ ಬಿರುಗಾಳಿಲಿ ಅಂಟಿಕೊಂಡಿದ್ದು. ಗಾಡಿ ಎಲ್ಲಿಗೆ ಹೋದರೂ ಅದು ಅಲ್ಲೇ ಇರುತ್ತೆ. ಎಲ್ಲಿ?"

"ಕೆಳಗೆ, ಬಲಮೂಲೆಲಿ," ಎಂದ ಕ್ಯಾಮೆರಾದವನು ತಟ್ಟನೆ. ಆಮೇಲೆ ಪರದೆ ನೋಡಿದ. ಅವನ ಬಾಯಿ ತೆರೆದೇ ಉಳಿಯಿತು.

"ಇಲ್ಲಿ ಎಡಕ್ಕಿದೆ. ಯಾಕಂದ್ರೆ ಇದು ಹಳೇ ಬಂಡೆಯೊಂದರ ಚಿತ್ರ. ಗುರುತು ಸಿಗಬಾರದು ಅಂತ ಕನ್ನಡೀಲಿ ಕಾಣೋ ಹಾಗೆ ತಿರುಗಿಸಿಟ್ಟಿದಾರೆ. ಯಾರು? ಶುಚಿ ಚಿತ್ರದಲ್ಲಿ ಚುಕ್ಕೆಯೇ ಇರಲ್ಲ. ಈ ಹುಡುಗಿ ಮಾಡಿದ್ದರೆ ಮೂಲೆ ಖಾಲಿ ಇರ್ತಿತ್ತು. ಕ್ಯಾಮೆರಾದವನು ದಿನಾ ಅದೇ ಚುಕ್ಕೆ ಒರೆಸೋನು. ಅವನಾಗಿದ್ರೆ ಅದನ್ನ ಬಲಕ್ಕೇ ಕೂರಿಸ್ತಿದ್ದ. ಹಾಗಾದ್ರೆ ಉಳಿದವರು?" ಅವಳು ಉಸಿರೆಳೆದುಕೊಂಡಳು. "ಶುಚಿಯಾಗೋವರೆಗೆ ಕಾಯದೆ ಕಚ್ಚಾ ಚಿತ್ರ ತೆಗೆದು ದಾರಿ ನೋಡೋನು ಒಬ್ಬನೇ. ದಾರಿ ನೋಡೋ ಕಣ್ಣಿಗೆ ಮೂಲೆಯ ಧೂಳು ಕಾಣಲ್ಲ. ನೀನೇ ಅಲ್ವೇನೋ?"

ಸಾರಥಿ ತಲೆ ತಗ್ಗಿಸಿದ.

"ಆ ಇಳಿಜಾರು ಹತ್ತಿದ್ರೆ ಚಕ್ರ ಮುರಿಯುತ್ತೆ ಅತ್ತಿಗೆ. ಹನ್ನೊಂದು ವರ್ಷ ಸಾಕಿದ ಗಾಡಿ. ಅದು ಅಲ್ಲೇ ಸಾಯುತ್ತೆ."

"ಹಾಗಂತ ಸಭೇಲಿ ಹೇಳಬೇಕಿತ್ತು. ಈ ಹುಡುಗೀನ ಸುಳ್ಳುಗಾತಿ ಮಾಡಬೇಕಿರಲಿಲ್ಲ."



ಮುಖ್ಯಸ್ಥರು ಗಾಡಿಯ ಅಪ್ಪಣೆಯನ್ನು ತಡೆದರು. ಮೂಲ ಚಿತ್ರಕ್ಕೆ ಬೇಡಿಕೆ ಹೋಯಿತು. ಸಾರಥಿಯ ಗುರುತಿನ ಚೀಟಿ ಮೇಜಿನ ಮೇಲೆ ಬಿತ್ತು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಚಿತ್ರ ಗೆರೆ ಗೆರೆಯಾಗಿ ಇಳಿದುಬಂತು: ಅಲೆಯಲೆಯಾದ ಪದರಗಳು. ಅದು ಜೀವಿಗಳು ಬಿಟ್ಟುಹೋದ ಗುರುತೋ, ಬರೀ ಗಾಳಿ ನೀರಿನ ಆಟವೋ? ಕೊರೆದೇ ತಿಳಿಯಬೇಕು.

ಹೊರಡುವ ಮುನ್ನ ಸಾರಥಿ ಒಂದು ಹಾಳೆ ಬರೆದಿಟ್ಟಿದ್ದ. ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸಬೇಕು. ಹರಿದ ಚಕ್ರದ ಮೇಲೆ ಭಾರ ಬೀಳದಂತೆ ಎಲ್ಲೆಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು — ಎಲ್ಲ ಇತ್ತು.

ಶಿಲಾತಜ್ಞೆ ಅದನ್ನು ಎರಡು ಸಲ ಓದಿದಳು. "ಮೇಡಂ, ಇದನ್ನ ನಂಬಬಹುದಾ?"

ಜರಡಿ ಅಕ್ಕ ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು.

"ಚಿತ್ರದ ವಿಷಯದಲ್ಲಿ ಸುಳ್ಳು ಹೇಳಿದ. ಗಾಡಿ ವಿಷಯದಲ್ಲಿ ಅದು ಅವನ ಕೈಲಿ ಆಗಲ್ಲ."