ತ್ರಿಶಲಾಳ ಎರಡು ಬಾಟಲಿ

"ಆಯಿ! ಈ ಬಾಟ್ಲಿ ಯಾಕ ಬೆಚ್ಚಗೈತಿ?"

ತ್ರಿಶಲಾ ಕಂದು ಗಾಜಿನ ಬಾಟಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಅವಳ ಅಜ್ಜಿ ಪದ್ಮವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಅದರಾಗ ಹಸಿ ನೀರಿತ್ತವ್ವಾ. ಚೆಲ್ಲಿ, ಗಾಳಿಸಿ ಕಾಸಿದ್ದು ತುಂಬೇನಿ. ಗಾಳಿಸಲಾರದ ನೀರು ಮಂದಿಗೆ ಕೊಡಾಕ ಬರತೈತೇನು?"

ಜೈನರ ಮನೆ. ಅರಿವೆಯಲ್ಲಿ ಗಾಳಿಸದ ನೀರು ಅಲ್ಲಿ ಯಾರ ಬಾಯಿಗೂ ಹೋದದ್ದಿಲ್ಲ. ಆಯಿಯ ಕಣ್ಣು ತಪ್ಪಿಸಿ ಒಂದು ಹನಿಯೂ ಹೊಸ್ತಿಲು ದಾಟುವಂತಿರಲಿಲ್ಲ.

"ಅದು ಕುಡಿಯಾಕಲ್ಲ ಆಯಿ, ಟೆಸ್ಟಿಗೆ!" ತ್ರಿಶಲಾಳಿಗೆ ಅಳುವೇ ಬಂತು.

ನಿನ್ನೆ ಕುಲಗೋಡದ ಶಾಲೆಗೆ ಲ್ಯಾಬಿನ ಪೂನಮ್ ಮೇಡಂ ಬಂದಿದ್ದರು. ಹೊಲದ ಬೋರಿನ ನೀರು ಕುಡಿಯುವ ಮಕ್ಕಳಿಗೆಲ್ಲ ಒಂದೊಂದು ಬಾಟಲಿ ಕೊಟ್ಟಿದ್ದರು. "ಕಬ್ಬಿನ್ಯಾಗಿನ ಕಸ ಸಾಯಲಿ ಅಂತ ಎಣ್ಣಿ, ಅಂದ್ರ ವಿಷದ ಔಷಧ ಹೊಡೀತಾರಲ್ಲ, ಅದು ಮಣ್ಣಾಗ ಒಡದು ಚೂರು ಚೂರಾಗಿ ನೀರಿಗೆ ಇಳೀತೈತಿ. ಕಣ್ಣಿಗೆ ಕಾಣಂಗಿಲ್ಲ. ನಮ್ಮ ಮಾಸ್ ಸ್ಪೆಕ್ಟ್ರೋಮೀಟರ್ ಮಶೀನು ಒಂದೊಂದು ಚೂರಿನ ತೂಕ ನೋಡಿ ಗುರ್ತು ಹಿಡೀತೈತಿ. ಮೋಟಾರ್ ಐದು ನಿಮಿಷ ಬಿಟ್ಟು, ಪೈಪಿನಿಂದಾನ ಹಿಡೀರಿ," ಎಂದಿದ್ದರು.

ತ್ರಿಶಲಾಳ ಪುಟ್ಟ ತಂಗಿ ಕುಡಿಯುವುದೂ ಆ ಬೋರಿನ ನೀರೇ. ಅದರಲ್ಲಿ ಏನಿದೆಯೆಂದು ತ್ರಿಶಲಾಳಿಗೆ ಗೊತ್ತಾಗಲೇಬೇಕಿತ್ತು. ಆದರೆ ಬಾಟಲಿಗಳನ್ನು ಒಯ್ಯಲು ಇಂದು ಬಂದಿದ್ದ ಮೇಡಂ ಅವರ ಜೀಪು ಹೊರಡುವ ಹೊತ್ತಾಗಿತ್ತು. ಬೆಚ್ಚಗಿನ ಬಾಟಲಿ ಹಿಡಿದುಕೊಂಡೇ ಶಾಲೆಗೆ ಓಡಿದಳು.

ದಾರಿಯಲ್ಲಿ ಜೊತೆಯಾದ ಗೆಳತಿ ನಾಜಿಯಾ ಎಲ್ಲ ಕೇಳಿ, "ಸುಮ್ನ ಕೊಟ್ಟುಬಿಡು. ಯಾರಿಗೆ ಗೊತ್ತಾಗತೈತಿ?" ಎಂದಳು.

ನಿಜ, ನೀರು ನೋಡಲು ನೀರೇ. ಶಾಲೆಯಲ್ಲಿ ಮೇಡಂ ಬಾಟಲಿ ತೆಗೆದುಕೊಂಡು, ಲೇಬಲ್ಲಿನ ಮೇಲೆ ಹೆಸರು ಬರೆಯಲು ಪೆನ್ನು ತೆಗೆದರು. ತ್ರಿಶಲಾ ಲೇಬಲ್ಲಿಗೆ ಕೈ ಅಡ್ಡ ಹಿಡಿದಳು.

"ಮೇಡಂ, ಬರೀಬ್ಯಾಡ್ರಿ. ಇದು ಹಸಿ ನೀರಲ್ರಿ." ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಮೇಡಂ ಬೈಯಲಿಲ್ಲ. ಹೊಸ ಬಾಟಲಿ ಕೊಟ್ಟರು. "ಇಪ್ಪತ್ತು ನಿಮಿಷ ಕಾಯತೀನಿ. ಇದೂ ಇರಲಿ. ನಿಮ್ಮ ಆಯಿ ಕಾಸಿದ ನೀರಿನ್ಯಾಗ ಏನೈತಿ ನೋಡೋಣು."

ತ್ರಿಶಲಾ ಮನೆ ಪಕ್ಕದ ಹೊಲದ ಬೋರಿಗೆ ಬಿದ್ದಂಬೀಳ ಓಡಿದಳು. ಮೋಟಾರ್ ಹಚ್ಚಿ ಮುನ್ನೂರರವರೆಗೆ ಎಣಿಸಿದಳು. ಅಷ್ಟರಲ್ಲಿ ಮೋಟಾರಿನ ಸದ್ದು ಕೇಳಿ ಆಯಿ ಗಾಳಿಸುವ ಅರಿವೆ ಹಿಡಿದು ಬಂದೇಬಿಟ್ಟಳು.

"ಬ್ಯಾಡ ಆಯಿ! ಇದಕ್ಕ ನೀ ಕೈ ಹಚ್ಚಬ್ಯಾಡ," ಎಂದಳು ತ್ರಿಶಲಾ. ಆಯಿಯ ಕೈ ತಡೆದದ್ದು ಅದೇ ಮೊದಲು. ಬಾಟಲಿ ತುಂಬಿ, ಬಿಗಿಯಾಗಿ ಮುಚ್ಚಿ ಶಾಲೆ ಮುಟ್ಟಿದಾಗ ಜೀಪು ಸ್ಟಾರ್ಟ್ ಆಗಿತ್ತು. ಮೇಡಂ ಬಾಟಲಿ ಇಸಿದುಕೊಂಡು ಐಸ್ ಪೆಟ್ಟಿಗೆಯಲ್ಲಿಟ್ಟರು.

ತಿಂಗಳ ನಂತರ ಮೇಡಂ ಮನೆಗೇ ಬಂದರು. "ಎಣ್ಣಿ ಚೂರು ಸಿಕ್ಕಾವ್ರಿ. ಇರಬೇಕಾದ್ದಕ್ಕಿಂತ ಜಾಸ್ತಿ. ಎರಡೂ ಬಾಟ್ಲ್ಯಾಗ ಅದಾವು. ಕುಡಿಯಾಕ ಪಂಚಾಯ್ತಿ ಫಿಲ್ಟರ್ ನೀರು ತರ್ರಿ."

"ಎಣ್ಣಿ ಹೊಡದಾಂವ ನಾನ," ಎಂದು ಅಪ್ಪ ತಲೆ ತಗ್ಗಿಸಿದ.

ಆಯಿ ಗಾಳಿಸುವ ಅರಿವೆಯನ್ನು ಕೈಗೆತ್ತಿಕೊಂಡು ನೋಡಿದಳು. "ಗಾಳಿಸಿ ಕಾಸಿದರೂ ಹೋಗಲಿಲ್ಲೇನು?" ಎಂದು ಮೆಲ್ಲಗೆ ಕೇಳಿದಳು.

ಸಮಾಧಾನಕ್ಕಾದರೂ ಸುಳ್ಳು ಹೇಳೋಣವೆನಿಸಿತು ತ್ರಿಶಲಾಳಿಗೆ. "ಇಲ್ಲ ಆಯಿ. ಹೋಗಿಲ್ಲ," ಎಂದಳು.

ಆಯಿ ಎದ್ದು ಕೊಡ ತೆಗೆದುಕೊಂಡಳು. ಹೊರಗಿನ ನೀರನ್ನು ಎಂದೂ ಮುಟ್ಟದವಳು. "ನಡಿ, ಆ ಫಿಲ್ಟರ್ ಎಲ್ಲೈತಿ ತೋರ್ಸು. ಕೂಸು ಏಳೋದ್ರಾಗ ಬರೋಣು."

ಆಯಿಗೆ ಈ ಮಾತು ಎಷ್ಟು ಕಷ್ಟವಾಗಿರಬೇಕೆಂದು ತ್ರಿಶಲಾಳಿಗೆ ಗೊತ್ತಾಯಿತು. ಕೊಡವನ್ನು ತಾನೇ ಇಸಿದುಕೊಂಡು, ಇನ್ನೊಂದು ಕೈಯಲ್ಲಿ ಆಯಿಯ ಕೈ ಹಿಡಿದಳು.